ಹಂಡೆಯಿಲ್ಲದ ಬಚ್ಚಲು

ನನಗೆ ದಿನಚರಿ ಬರೆಯುವ ಚಟವಿದೆ. ಬರೆದದ್ದನ್ನು ನಂಬುವ ಚಟವಿಲ್ಲ. ಹಾರನಹಳ್ಳಿಯ ನಮ್ಮ ಹಳೆಯ ಮನೆಯ ಬಚ್ಚಲಿನ ಗೋಡೆ ಹಸಿರಾಗಿತ್ತು ಎಂದು ಒಮ್ಮೆ ಬರೆದಿದ್ದೆ. ಅಲ್ಲ, ನೀಲಿ ಎಂದು ಅಣ್ಣ ಆಣೆ ಮಾಡುತ್ತಾನೆ. ಅಮ್ಮನನ್ನು ಕೇಳಿದರೆ, ಆ ಗೋಡೆ ಹೊಗೆಯ ಬಣ್ಣ ಬಿಟ್ಟು ಬೇರೆ ಬಣ್ಣ ಕಂಡದ್ದೇ ಇಲ್ಲ ಎನ್ನುತ್ತಾಳೆ. ಒಂದು ಗೋಡೆಯ ವಿಷಯದಲ್ಲೇ ಹೀಗಾದರೆ ಉಳಿದ ಬದುಕಿನ ಗತಿಯೇನು? ಆದರೂ ಹುಣಸೂರಿನ ಈಗಿನ ಮನೆಯ ಬಚ್ಚಲನ್ನು ಹೊಸದು ಮಾಡಿಸುವಾಗ ನಾನು ನೆಚ್ಚಿಕೊಂಡದ್ದು ಇಂಥ ನೆನಪನ್ನೇ.

ಅಮ್ಮ ಜಾರಿ ಸೊಂಟ ಮುರಿದುಕೊಂಡದ್ದು ಈ ಮನೆಯ ಬಚ್ಚಲಿನಲ್ಲಿ. ಮೂಳೆ ಕೂಡಿಕೊಂಡಿತು. ಕೋಲು ಹಿಡಿದು ಅಡುಗೆಮನೆಗೆ ಬಂದು ನನ್ನ ಸಾರಿಗೆ ಹೆಸರಿಡುವಷ್ಟು ಗುಣವಾದಳು. ಸ್ನಾನವನ್ನು ಮಾತ್ರ ನಾನೇ ಮಾಡಿಸಬೇಕಾಗಿತ್ತು. ಕೂಡು ಕುಟುಂಬದ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಎಣ್ಣೆ ತಿಕ್ಕಿ ಮೀಯಿಸಿದವಳು ಈಗ ನನ್ನೆದುರು ಕಣ್ಣು ಮುಚ್ಚಿ ಕೂರುತ್ತಿದ್ದಳು. ಸೋಪಿನ ಉರಿಗೆ ಮುಚ್ಚಿದ ಕಣ್ಣಲ್ಲ ಅದು. ಬರಬರುತ್ತ ನೆಗಡಿ, ಚಳಿ ಎಂದು ಸ್ನಾನವನ್ನೇ ಮುಂದೂಡತೊಡಗಿದಳು. ಕೊನೆಗೊಂದು ದಿನ ಹೇಳಿದಳು: "ಚಿಲ್ಕ ಆಕ್ಕಂಡು ಒಬ್ಳೇ ಒಂದು ತಂಬ್ಗೆ ನೀರು ಉಯ್ಕೋಬೇಕು ಕಣವ್ವ. ಇನ್ನೇನೂ ಬ್ಯಾಡ ನಂಗೆ."

ಹಳಗನ್ನಡದ ಪರೀಕ್ಷೆಯಲ್ಲಿ ರಾಜರ ಮಜ್ಜನದ ಬಗ್ಗೆ, ಮಜ್ಜನದ ಮನೆಯ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಗಳಿಸಿದವಳು ನಾನು. ಆ ಪಾಂಡಿತ್ಯದಲ್ಲಿ ಒಂದು ಹನಿಯೂ ಉಪಯೋಗಕ್ಕೆ ಬರಲಿಲ್ಲ. ಒಳಾಂಗಣ ವಿನ್ಯಾಸ ಓದಿಕೊಂಡ ಸುಷ್ಮಾಳನ್ನು ಕರೆಸಿದೆ. ಕೆ.ಆರ್. ನಗರದ ಹುಡುಗಿ, ಮೈಸೂರಿನಲ್ಲಿ ಕೆಲಸ. ಅವಳ ಟ್ಯಾಬಿನೊಳಗೆ ಒಂದಕ್ಕಿಂತ ಒಂದು ಚೆಂದದ ಬಚ್ಚಲುಗಳಿದ್ದವು: ಕನ್ನಡಿಯ ಹಿಂದೆ ಬೆಳಕು, ಮಳೆಯಂತೆ ಸುರಿಯುವ ಷವರ್, ಮೂಲೆಯಲ್ಲೊಂದು ಕುಂಡದ ಗಿಡ. ಅಮ್ಮ ಕನ್ನಡಕ ಏರಿಸಿ ನೋಡಿ, "ಈ ಗಿಡಾನೂ ನನ್ ಜೊತೇಲೆ ಮೀಯ್ತದಾ?" ಎಂದಳು. ಸುಷ್ಮಾ ನಕ್ಕು ಗಿಡವನ್ನು ಕೈಬಿಟ್ಟಳು. ಹೊಸ್ತಿಲು ತೆಗೆಯೋಣ, ಜಾರದ ಟೈಲ್ಸ್ ಹಾಕೋಣ, ಕೂರಲು ಕಟ್ಟೆ ಕಟ್ಟೋಣ ಎಂದಾಗ ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಟೈಲ್ಸಿಗೆ ಹೊಗೆ ಬಣ್ಣವನ್ನು ತಾನೇ ಆರಿಸಿದಳು. ಈಗ ಅದೇ ಫ್ಯಾಷನ್ ಎಂದು ಸುಷ್ಮಾ ಹೇಳಿದಾಗ ಅಮ್ಮ ನನ್ನ ಕಡೆ ಒಂದು ನೋಟ ಬೀರಿದಳು. ಹಿಡಿದುಕೊಳ್ಳುವ ಕಂಬಿಯ ಮಾತು ಬಂದದ್ದೇ ಅವಳ ಮುಖ ಗಂಟಾಯಿತು.

"ಅದು ಆಸ್ಪತ್ರೆ ಕಂಬಿ. ಅದ ಇಡ್ಕಂಡ್ರೆ ನಾನು ಕಾಯ್ಲೆಯೋಳು ಅಂತ ಒಪ್ಕಂಡಂಗೆ."

ಕಂಬಿಯಿಲ್ಲದೆ ಚಿಲಕವಿಲ್ಲ ಎಂದು ನಾನು, ಕಂಬಿಯಿದ್ದರೆ ಸ್ನಾನವೇ ಇಲ್ಲ ಎಂದು ಅಮ್ಮ. ಕೆಲಸ ನಿಂತಿತು.

ಬಚ್ಚಲನ್ನು ಅಲಂಕರಿಸುವುದು ಮೈಸೂರಿನಿಂದ ಬಂದ ಹೊಸ ವಿದ್ಯೆ ಎಂದು ನಾವು ಭಾವಿಸುತ್ತೇವೆ. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ನಮ್ಮವರು ಮಾಡುತ್ತಿದ್ದುದು ಇನ್ನೇನು? ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿದರೆ, ವರ್ಷವಿಡೀ ಹೊಗೆ ಕುಡಿದ ಆ ಮೂಲೆ ಮದುವಣಗಿತ್ತಿಯಾಗುತ್ತಿತ್ತು. ಇದನ್ನು ಸುಷ್ಮಾಳಿಗೆ ಹೇಳುತ್ತಿದ್ದಾಗಲೇ ನನಗೆ ಹೊಳೆಯಿತು. ಹಂಡೆಯ ಬಾಯಿಯ ಎತ್ತರಕ್ಕೆ, ಅದರಂತೆಯೇ ಬಾಗಿದ, ತಾಮ್ರದ ಬಣ್ಣದ ಕಂಬಿ ಹಾಕಿದರೆ? ಸುಷ್ಮಾ ಕೂತಲ್ಲೇ ಚಿತ್ರ ಬರೆದಳು. ಯಾವ ಕಡೆಗೆ ಎಂದು ಕೇಳಿದಳು.

"ಸ್ನಾನಕ್ಕೆ ಕೂತರೆ ಹಂಡೆ ಎಡಗಡೆ," ಎಂದೆ. ಗೋಡೆಯ ಬಣ್ಣದಲ್ಲಿ ತಪ್ಪಿರಬಹುದು, ಇದರಲ್ಲಿ ಇಲ್ಲ. ಎಡಗೆನ್ನೆಗೆ ತಾಗುತ್ತಿದ್ದ ಆ ಶಾಖ ಇವತ್ತಿಗೂ ನನಗೆ ಗೊತ್ತು.

ಕಂಬಿ ಎಡಗಡೆ ಕೂತಿತು. ನೋಡಿ ಅಮ್ಮ ಬೈಯಲಿಲ್ಲ. ಅದೇ ಅರ್ಧ ಗೆಲುವು. ಉಟ್ಟ ಸೀರೆಯಲ್ಲೇ ಒಂದು ಸಲ ಕೂತು ಏಳಿ, ಎತ್ತರ ನೋಡೋಣ ಎಂದು ಸುಷ್ಮಾ ಕೇಳಿಕೊಂಡಳು. ಅಮ್ಮ ಕಟ್ಟೆಯ ಮೇಲೆ ಕೂತಳು. ಏಳುವಾಗ ಅವಳ ಬಲಗೈ ತಾನಾಗಿಯೇ ಚಾಚಿ ಬರಿ ಗಾಳಿಯನ್ನು ಹಿಡಿಯಿತು. ನಾವಿಬ್ಬರೂ ಹಿಡಿದುಕೊಳ್ಳದಿದ್ದರೆ ಇನ್ನೊಂದು ಸೊಂಟದ ಕಥೆಯಾಗುತ್ತಿತ್ತು.

"ಅಂಡೆ ಯಾವತ್ತು ಎಡಕ್ಕಿತ್ತವ್ವಾ? ಎಡಗೈಲಿ ನೀರು ಮೊಗೀತಾರಾ?"

ಆಗ ತಿಳಿಯಿತು. ಹಂಡೆ ಎಡಗಡೆಗಿದ್ದದ್ದು ಅಮ್ಮನೆದುರು ಮಣೆಯ ಮೇಲೆ ಕೂತ ಮಗುವಿಗೆ. ಮೊಗೆದು ಹೊಯ್ಯುವವಳಿಗೆ ಅದು ಬಲಗಡೆ. ನನ್ನ ನೆನಪು ಸುಳ್ಳು ಹೇಳಿರಲಿಲ್ಲ, ಎದುರು ಕೂತು ಹೇಳಿತ್ತು. ಎಷ್ಟೋ ವಿಷಯಗಳಲ್ಲಿ ಅಮ್ಮನ ಬದುಕನ್ನು ನಾನು ಹೀಗೇ ಎದುರಿನಿಂದ ನೋಡಿ ಎಡಬಲ ಮಾಡಿಕೊಂಡಿರಬೇಕು. ಕಂಬಿ ಬಲಕ್ಕೆ ಹೋಯಿತು. ಸುಷ್ಮಾ ಎಡಗಡೆಯ ತೂತುಗಳ ಮೇಲೆ ಟವೆಲಿನ ಗೂಟ ಕೂರಿಸಿ, ಮೊದಲಿಂದಲೂ ಅದೇ ಯೋಜನೆಯಿತ್ತು ಎಂಬಂತೆ ನಿಂತಳು.

ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹಿತ್ತಲಿನಿಂದ ಹಾಗಲಬಳ್ಳಿ ತರಿಸಿದಳು. ಕಂಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಳ್ಳಿಯನ್ನು ಅದರ ಎರಡೂ ತುದಿಗೆ ಸುತ್ತಿ, ಹಿಡಿಯುವಷ್ಟು ಜಾಗ ಬಿಟ್ಟು, ನಡುವೆ ಕುಂಕುಮವಿಟ್ಟಳು. ಮೇಲಿದ್ದ ಗೀಸರ್ ಅನಾಥನಂತೆ ನೋಡುತ್ತಿತ್ತು. ಅದರ ಮೈಗೂ ನನ್ನ ಕೈಯಿಂದ ಒಂದು ಸುಣ್ಣದ ಪಟ್ಟೆ ಹಾಕಿಸಿದಳು.

ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಒಳಗೆ ಹೋದಳು. ಚಿಲಕ ಬಿತ್ತು. ಬಾಗಿಲಿಗೆ ಕಿವಿಯಿಟ್ಟು ನಿಂತೆ. ತಂಬಿಗೆ ಬಕೆಟ್ಟಿಗೆ ತಾಗಿದ ಸದ್ದು, ನೀರು, ಮತ್ತೆ ನೀರು. ಆಮೇಲೆ ಏನೂ ಇಲ್ಲ. ಬಾಗಿಲು ತಟ್ಟಲು ಕೈಯೆತ್ತಿದೆ.

"ಬಾಗ್ಲತ್ರ ಯಾಕ್ ನಿಂತಿದ್ದೀಯೆ? ಓಗಿ ಕಾಪಿಗಿಡು."

ಗೆದ್ದೆವು. ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಹಬೆಯ ನಡುವೆ ಬಾಗಿಲು ತೆರೆದ ಅಮ್ಮನನ್ನು ಕಂಡಾಗ, ಮಜ್ಜನದ ಮನೆಯಿಂದ ಹೊರಬರುವ ಯಾವ ಮಹಾರಾಜನೂ ಇಷ್ಟು ಠೀವಿಯಿಂದ ಬಂದಿರಲಾರ ಅನ್ನಿಸಿತು. ಕಾಫಿ ಕೊಡಹೋದರೆ ಲೋಟ ಅತ್ತ ಇಡಿಸಿದಳು. ಹಬ್ಬದ ದಿನ ಎಣ್ಣೆ ಹಚ್ಚದ ತಲೆಯೇ ಎಂದು ಗದರಿ, ನನ್ನನ್ನು ಬಚ್ಚಲಿನಲ್ಲಿ ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಕಟ್ಟೆಯಿಂದಲೇ ಬಾಗಿ ಬಿಸಿನೀರು ಹೊಯ್ದಳು.

ಎದುರು ಕೂತು ಕಣ್ಣು ಬಿಟ್ಟೆ. ಹಾಗಲಬಳ್ಳಿ ನನ್ನ ಎಡಗಡೆಗಿತ್ತು.