ಎಡ ಮಡ್‌ಗಾರ್ಡಿನ ಗುಳಿ

ಬೆಳಗಿನ ಐದೂವರೆ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಟ್ಯಾಂಕ್ ಮಾಮ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ಕೈಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಮಿಲಿಟರಿ ಲಾರಿ. ಅದರ ಎಡ ಮಡ್‌ಗಾರ್ಡಿಗೆ ಹೋದ ವಾರ ತಾವೇ ಮೆತ್ತಿದ್ದ ಪುಟ್ಟಿಯನ್ನು ಈಗ ತಾವೇ ಕೆರೆದು ತೆಗೆಯುತ್ತಿದ್ದಾರೆ.

ಮಾಮ ಮೊದಲು ನಿಜವಾದ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣ ಎದೆಗಿಳಿದು, ಸ್ಪ್ರೇ ಮುಟ್ಟಬೇಡ ಎಂದು ಡಾಕ್ಟರು ಗದರಿದ ಮೇಲೆ ಈ ಕಸುಬು, ಇಪ್ಪತ್ತೆರಡು ವರ್ಷವಾಯಿತು. ಆಸೆಪಟ್ಟು ಬಿಡಿ ತುಂಡು ಅಂಟಿಸಿ ಕಟ್ಟುವ ಮಾಡೆಲ್ ಡಬ್ಬಿ ಕೊಂಡು ಅರ್ಧಕ್ಕೆ ಕೈಬಿಟ್ಟವರು ತಂದುಕೊಡುತ್ತಾರೆ, ಇವರು ಮುಗಿಸುತ್ತಾರೆ. ಹೆಚ್ಚಿನವು ಮಿಲಿಟರಿ ಟ್ಯಾಂಕುಗಳೇ, ಅದಕ್ಕೇ ಆ ಅಡ್ಡಹೆಸರು. ಈ ಲಾರಿಗೆ ಇನ್ನೂರ ಹದಿನಾಲ್ಕು ತುಂಡು. ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿಯೇ ಕೂಡಿಸುತ್ತದೆ. ಆರುವ ಮುಂಚೆ ಬೆರಳು ತಾಗಿದರೆ ಬೆರಳ ಗೆರೆಗಳು ಅಚ್ಚಾಗುತ್ತವೆ. ಅವನ್ನು ಉಜ್ಜಿ ಅಳಿಸುವುದಕ್ಕೇ ದಿನಕ್ಕೆ ಎರಡು ಗಂಟೆ. ಇದನ್ನು ಮಕ್ಕಳಾಟ ಎನ್ನುವ ದೊಡ್ಡ ಮನುಷ್ಯರು ಆ ಸ್ಟೂಲಿನ ಮೇಲೆ ಒಂದು ಬೆಳಗು ಕೂತು ನೋಡಲಿ, ಅವರ ಬೆನ್ನೇ ಉತ್ತರ ಹೇಳುತ್ತದೆ.

"ನಮ್ಮನೆ ಬಾಗಿಲ ಚಿಲಕ ಮುರಿದು ಆರು ತಿಂಗಳಾಯ್ತು," ಚಹಾ ತಂದ ಹೆಂಡತಿ ಚುಚ್ಚುತ್ತಾರೆ. "ಇವ್ರ ಲಾರಿ ಬಾಗಿಲು ಮಾತ್ರ ಲಟಕ್ ಅಂತ ಮುಚ್ಚುತ್ತೆ."

ಮಾಮ ಇವತ್ತು ನಗುವುದಿಲ್ಲ. ಈ ಲಾರಿ ಒಬ್ಬ ಹಿರಿಯರದು, ಸೈನ್ಯದಲ್ಲಿ ಇಂಥದೇ ಲಾರಿ ಓಡಿಸಿದವರು. ತಾವೇ ಕೂಡಿಸಲು ಹೊರಟು, ಕಣ್ಣು ಮಂಜಾಗಿ ಅರ್ಧಕ್ಕೆ ನಿಂತಾಗ ಅವರ ಮಗಳು ಇಲ್ಲಿಗೆ ತಂದರು. ಮಡ್‌ಗಾರ್ಡಿನಲ್ಲೊಂದು ಗುಳಿ ಕಂಡ ಮಾಮ, ಅಚ್ಚಿನ ತಪ್ಪೆಂದು ಪುಟ್ಟಿ ತುಂಬಿ ಕನ್ನಡಿಯ ಹಾಗೆ ಉಜ್ಜಿಬಿಟ್ಟರು. ನಿನ್ನೆ ಹಿರಿಯರು ಲಾರಿಯ ಎಡಗಡೆ ತಡವಿ ತಡವಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಚೆನ್ನಾಗಿದೆಯಪ್ಪಾ. ಆದ್ರೆ ಇದು ನನ್ನ ಗಾಡಿ ಅಲ್ಲ."

ಆ ಗುಳಿಯನ್ನು ಅವರೇ ಬೇಕೆಂದು ಒತ್ತಿದ್ದರು. ಅಸಲಿ ಲಾರಿಗೆ ಹೇಸರಗತ್ತೆ ಒದ್ದ ಜಾಗ ಅದು. ಸಾಲುಗಟ್ಟಿ ನಿಂತ ಲಾರಿಗಳಲ್ಲಿ ತಮ್ಮದನ್ನು ಅವರು ಗುರುತಿಸುತ್ತಿದ್ದುದೇ ಅದನ್ನು ಮುಟ್ಟಿ.

"ಒಂದು ಮಾತು ಕೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಮಾಮ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಪುಟ್ಟಿಯ ಜೊತೆ ಪ್ಲಾಸ್ಟಿಕ್ಕೂ ಕಿತ್ತು ಬಂದು ಗುಳಿಯ ಆಕಾರವೇ ಕೆಟ್ಟಿದೆ. ಅಷ್ಟು ಭಾಗ ಕತ್ತರಿಸಿ, ಹೊಸ ತೆಳು ಪ್ಲಾಸ್ಟಿಕ್ ಹಾಳೆ ಕೂರಿಸಿ, ಅಂಟಿನ ಸೀಸೆ ಜೇಬಿಗಿಳಿಸಿ ಹೊರಡುತ್ತಾರೆ.

ಹಿರಿಯರ ಮನೆಯಲ್ಲಿ ಹಾಳೆಗೆ ಅಂಟು ಸವರಿ, ಅವರ ಕಿರುಬೆರಳು ಹಿಡಿದು ಅದರ ಮೇಲಿಡುತ್ತಾರೆ.

"ಇಲ್ಲೇನಾ ಯಜಮಾನ್ರೇ?"

"ಇನ್ನೂ ಕೆಳಗೆ. ಆ ಕತ್ತೆ ಕುಳ್ಳಗಿತ್ತು ಕಣಯ್ಯಾ."

ಬೆರಳು ಒತ್ತುತ್ತದೆ. ಅಂಟು ಆರುವವರೆಗೂ ಮಗಳು ಲಾರಿ ಅಲುಗದಂತೆ ಹಿಡಿದಿರುತ್ತಾರೆ. ಆಮೇಲೆ ಹಿರಿಯರು ಇನ್ನೊಂದು ಕೈಯಿಂದ ತಡವುತ್ತಾರೆ, ಒಮ್ಮೆ, ಮತ್ತೊಮ್ಮೆ. "ಹಾಂ," ಎನ್ನುತ್ತಾರೆ. ಲಾರಿಯನ್ನು ಕೆಳಗಿಡುವುದಿಲ್ಲ.

ಗುಳಿಯೊಳಗೆ ಅವರ ಬೆರಳ ಗೆರೆಗಳು ಸ್ಪಷ್ಟವಾಗಿ ಮೂಡಿವೆ. "ಇದನ್ನ ಉಜ್ಜಬೇಕಲ್ವಾ?" ಮಗಳು ಕೇಳುತ್ತಾರೆ.

ಮಾಮ ಸೀಸೆಯ ಮುಚ್ಚಳ ಬಿಗಿ ಮಾಡುತ್ತಾರೆ. "ಉಜ್ಜೋದರಲ್ಲಿ ನನ್ನಷ್ಟು ಗಟ್ಟಿಗರು ಈ ಊರಲ್ಲಿಲ್ಲಮ್ಮಾ. ಇದೊಂದನ್ನ ಬಿಟ್ಟಿದ್ದೀನಿ."