ಸವತಿಗೆ ಊಟ ಬಡಿಸುವ ಬಾಟಲಿ ಅಕ್ಕ

ಬೆಳಕು ಹರಿಯುವ ಮುನ್ನವೇ ಬಾಟಲಿ ಅಕ್ಕ ಪ್ರಯೋಗಾಲಯದ ತಣ್ಣನೆಯ ಕೋಣೆಯ ಬೀಗ ತೆಗೆಯುತ್ತಾರೆ. ಕಪಾಟಿನ ತುಂಬ ಗಾಜಿನ ಬಾಟಲಿಗಳು, ಒಳಗೆ ತಿಳಿ ಚಹಾದ ಬಣ್ಣದ ಕಡಲ ನೀರು. ಅದರಲ್ಲಿರುವುದು ಬರಿಗಣ್ಣಿಗೆ ಕಾಣದ ಪಾಚಿ. ಹಳೆಯ ನೀರಿನಿಂದ ಒಂದಿಷ್ಟು ಹೀರಿ, ಪೋಷಕಾಂಶ ಬೆರೆಸಿದ ಹೊಸ ನೀರಿಗೆ ಬಿಡುವುದು ಇವರ ಕೆಲಸ. ಬಿಡದಿದ್ದರೆ ಪಾಚಿಯ ವಂಶವೇ ನಿರ್ವಂಶ. ಮೂಲೆಯ ಬಾಟಲಿಯ ಮುಂದೆ ಮಾತ್ರ ಅಕ್ಕನ ಹುಬ್ಬು ಗಂಟಿಕ್ಕುತ್ತದೆ.

"ತಗೋ, ನುಂಗು," ಎನ್ನುತ್ತಾರೆ.

ಬಾಗಿಲಲ್ಲಿ ನಿಂತ ಕಾವಲುಗಾರ ನಗುತ್ತಾನೆ: "ಸವತಿಗೆ ಊಟ ಆಯ್ತಾ ಅಕ್ಕಾ?"

ಆ ಬಾಟಲಿಯ ಪಾಚಿಗೆ ಸವತಿ ಎಂದು ಹೆಸರಿಟ್ಟವರು ಅಕ್ಕನೇ, ತಮಾಷೆಗಲ್ಲ. ವರ್ಷಗಳ ಹಿಂದೆ ಅದೇ ಪಾಚಿ ಹೆಚ್ಚಿ ಕಡಲು ಕೆಂಪಾಗಿದ್ದ ಒಂದು ವಾರ, ದೋಣಿ ರಿಪೇರಿ ಮಾಡುತ್ತಿದ್ದ ಇವರ ಗಂಡ ಸಂತೆಯಿಂದ ಕಪ್ಪೆಚಿಪ್ಪು ತಂದರು. ಆ ಚಿಪ್ಪಿನ ಹುಳುಗಳು ಇದೇ ಪಾಚಿ ತಿಂದು ಮೈತುಂಬ ವಿಷ ಮಾಡಿಕೊಂಡಿದ್ದವು. ಹಲ್ಲುನೋವೆಂದು ಅಕ್ಕ ಅಂದು ಮುಟ್ಟಲಿಲ್ಲ.

"ಕಡಲು ಕೆಂಪಗಿದೆ ಅಂತ ಇನ್ನೊಂದು ಸಲ ಕುದಿಸಿದ್ದೆ. ಅವರು ತಿಂದು, 'ತುಟಿ ಜುಮ್ ಅಂತಿದೆ, ಖಾರ ಜಾಸ್ತಿ ಮಾಡಿದ್ದೀಯ' ಅಂದ್ರು. ನಾನೂ ನಕ್ಕೆ. ಆಮೇಲೆ ಅವರಿಗೆ ಉಸಿರೇ ಎಳೆಯೋಕಾಗ್ಲಿಲ್ಲ," ಎನ್ನುತ್ತಾರೆ ಅಕ್ಕ.

ಎಷ್ಟು ಕುದಿಸಿದರೂ ಹೋಗದ ವಿಷ ಅದು. ಗೊತ್ತಿದ್ದವರು ಬಾಯಿ ಬಿಟ್ಟಿರಲಿಲ್ಲ. ಅತ್ತೆ ಮಾತ್ರ ಸೊಸೆಯ ಕೈಯಡುಗೆಯೇ ಮಗನನ್ನು ಕೊಂದಿತೆಂದು ಊರೆಲ್ಲ ಡಂಗುರ ಸಾರಿದರು.

ಆ ವಾರದ ಕೆಂಪು ನೀರನ್ನು ಪ್ರಯೋಗಾಲಯದವರು ಬಾಟಲಿಗೆ ತುಂಬಿಸಿಕೊಂಡರು. ಅಲ್ಲೇ ಬಾಟಲಿ ತೊಳೆಯಲು ಇವರು ಸೇರಿದರು. ಗಂಡನನ್ನು ಕಸಿದುಕೊಂಡದ್ದನ್ನೇ ಸಾಕುವ ಪಾಡು ಹಗೆಯವರಿಗೂ ಬೇಡ.

ಆ ನೀರಿನ ಪಾಚಿಯ ಒಂದೇ ಜೀವಕೋಶದ ಸಂತಾನವನ್ನು ಎರಡು ಬಾಟಲಿಗಳಲ್ಲಿ ಬೆಳೆಸಿದ್ದರು. ಒಂದು ಯಾಕೋ ವಿಷ ಮಾಡುವುದನ್ನೇ ಮರೆಯಿತು, ಇನ್ನೊಂದು, ಅಂದರೆ ಸವತಿ, ಮರೆಯಲಿಲ್ಲ. ಎರಡನ್ನೂ ಹೋಲಿಸಿದ ವಿಜ್ಞಾನಿಗಳು ವಿಷದ ಹಿಂದಿರುವ ಜೀನ್‌ಗಳನ್ನು ಪತ್ತೆಹಚ್ಚಿದರು. ಈಗ ಒಂದಿಷ್ಟು ಕಡಲ ನೀರಿನಲ್ಲಿ ಆ ಜೀನ್ ಹುಡುಕಿದರೆ ಸಾಕು, ಅಪಾಯದ ಸುಳಿವು ಮೊದಲೇ ಸಿಗುತ್ತದೆ. ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಇಂದಿಗೂ ಸವತಿಯೇ ಬೇಕು. ಸಂಸ್ಥೆಗೆ ಪ್ರಶಸ್ತಿ ಬಂತು. ಸಮಾರಂಭದ ಕುರ್ಚಿ ಒರೆಸುವ ಕೆಲಸ ಅಕ್ಕನ ಪಾಲಿಗೆ ಬಂತು.

ಆದರೆ ಆ ಪರೀಕ್ಷೆ ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಚಿಪ್ಪಿಗಷ್ಟೇ. ಊರಿನವರು ತಿನ್ನುವ ಸಂತೆಯ ಬುಟ್ಟಿಗೆ ಇಲ್ಲ. ಬಡವರ ಹೊಟ್ಟೆ ಹೊಟ್ಟೆಯಲ್ಲವೇ?

ಈ ವಾರ ಕಡಲು ಮತ್ತೆ ಕೆಂಪಾಗಿದೆ. ಸಂತೆಯ ಚಿಪ್ಪನ್ನೂ ಪರೀಕ್ಷಿಸಿ ಎಂದು ಅಕ್ಕ ಹೋಗಿ ಕೇಳಿದರೆ, "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ," ಎಂದರು ನಿರ್ದೇಶಕರು. ಕೆಲಸ ಮುಗಿಸಿ ಸಂತೆಗೆ ಹೋದ ಅಕ್ಕ, ಕೊಳ್ಳಬೇಡಿ ಎಂದು ಹೆಂಗಸರನ್ನು ತಡೆಯುತ್ತಾರೆ. ಚಿಪ್ಪು ಮಾರುವವಳು ಸಿಡುಕಿ, ಕೊಳ್ಳಲು ಬಂದವಳತ್ತ ತಿರುಗುತ್ತಾಳೆ: "ನೀವು ತಗೊಳ್ಳಿ ಅಮ್ಮಾ. ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ!"

ಆ ಮಾತು ಕೇಳಿದ್ದೇ ಅಕ್ಕ ಬುಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂರುತ್ತಾರೆ.

"ಈ ಬುಟ್ಟಿಗೂ ಆ ಪರೀಕ್ಷೆ ಬರಲಿ, ಅಷ್ಟೇ ನನ್ನಾಸೆ. ಅಲ್ಲೀವರೆಗೂ ಸವತಿ ಸಾಯಬಾರದು. ನಮ್ಮ ಯಜಮಾನರಿಗೆ ಬಡಿಸಿದ ಕೈಯಲ್ಲೇ ಇವಳಿಗೂ ಬಡಿಸ್ತೀನಿ."