ಬಸ್ ಸೀಟಿನ ಅಚ್ಚಿನೊಳಗೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಯಶವಂತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ. ಹುಬ್ಬಳ್ಳಿಯಿಂದ ಬಂದವಳು, ಆರ್.ಟಿ. ನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಕಾರ್ಖಾನೆಯಲ್ಲಿ ಬಸ್ಸಿನ ಸೀಟುಗಳು ತಯಾರಾಗುತ್ತಿದ್ದವು. ಗಾಜಿನ ನಾರು ಬೆರೆತ ಪ್ಲಾಸ್ಟಿಕ್ಕಿನ ಮೆತ್ತನೆಯ ಹಾಳೆಗಳನ್ನು ಬಿಸಿ ಅಚ್ಚಿನಲ್ಲಿಟ್ಟು ಪ್ರೆಸ್ ಇಳಿಸಿದರೆ ಅವು ಹರಡಿ, ಸೀಟಿನ ಆಕಾರ ತಳೆದು ಗಟ್ಟಿಯಾಗುತ್ತಿದ್ದವು. ಆದರೆ ಬೆನ್ನಿನ ಮೇಲ್ಭಾಗದಲ್ಲಿ ಕೈಹಿಡಿಗೆಂದು ಒಂದು ಕಿಂಡಿಯಿತ್ತು. ಅದರ ಪಕ್ಕದ ಮೂಲೆ ಪದೇ ಪದೇ ಬಿರುಕು ಬಿಡುತ್ತಿತ್ತು.

ಅಚ್ಚು ಮುಚ್ಚಿದ ಮೇಲೆ ಒಳಗೇನಾಗುತ್ತದೆಂದು ನೋಡುವಂತಿರಲಿಲ್ಲ. ಲೆಕ್ಕ ಹಾಕಿ ನೋಡಬಹುದು ಎಂದೆ. ಮ್ಯಾನೇಜರು ನಗುತ್ತಾರೆಂದುಕೊಂಡಿದ್ದೆ, ಅವರು ಒಂದು ಕಾಲೇಜಿನ ಕಂಪ್ಯೂಟರ್ ಬಳಸಲು ಅನುಮತಿಯನ್ನೇ ತಂದುಕೊಟ್ಟರು. ಸೀಟಿನ ಚಿತ್ರವನ್ನು ಚೌಕಗಳಾಗಿ ಒಡೆದು, ಪ್ರೆಸ್ ಇಳಿದಂತೆ ಯಾವ ಚೌಕ ಯಾವಾಗ ತುಂಬುತ್ತದೆಂಬ ಲೆಕ್ಕವನ್ನು, ಆಗಿನ ಕಂಪ್ಯೂಟರ್ ಓದುತ್ತಿದ್ದ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟೆ. ಹೊರಬಂದ ಕಾಗದದಲ್ಲಿ ತುಂಬಿದ ಕಡೆಯೆಲ್ಲ ನಕ್ಷತ್ರದ ಗುರುತು, ಉಳಿದದ್ದು ಖಾಲಿ. ಹರಿವು ಕಿಂಡಿಯನ್ನು ಎರಡೂ ಬದಿಯಿಂದ ಬಳಸಿ ಕೊನೆಗೆ ಆ ಮೂಲೆಯಲ್ಲೇ ಕೂಡುತ್ತಿತ್ತು. ಕೂಡಿದ ಗೆರೆಯಲ್ಲಿ ನಾರುಗಳು ಹೆಣೆದುಕೊಳ್ಳುವುದಿಲ್ಲ, ಬಿರುಕಿಗೆ ಅದೇ ಕಾರಣ ಎಂದು ವಾದಿಸಿದೆ.

ಪರೀಕ್ಷೆಗಾಗಿ, ಪ್ರೆಸ್ ಪೂರ್ತಿ ಮುಚ್ಚದಂತೆ ಉಕ್ಕಿನ ತುಂಡುಗಳನ್ನು ಅಡ್ಡವಿಟ್ಟು, ಅರ್ಧಂಬರ್ಧ ಹರಡಿದ ಸೀಟೊಂದನ್ನು ತೆಗೆದೆವು. ಪ್ರೆಸ್ ನಡೆಸುತ್ತಿದ್ದ ಬ್ಯಾಟರಾಯನಪುರದ ಹಿರಿಯರು ಅದನ್ನು ಮೇಜಿನ ಮೇಲೆ ಹಾಕಿ ನನ್ನ ಕಾಗದ ನೋಡಿದರು.

"ಇದ್ಯಾಕಮ್ಮ ಇಂಗೆ? ಕಾಗ್ದದಲ್ಲಿ ಬಲಗಡೆ ಖಾಲಿ, ಇಲ್ಲಿ ಎಡಗಡೆ."

ನಾನು ಕಿಟಕಿಗೆ ಬೆನ್ನು ಮಾಡಿ ಕಾಗದವನ್ನು ಬೆಳಕಿಗೆ ಹಿಡಿದು ಸಾಲು ಸಾಲಾಗಿ ನೋಡತೊಡಗಿದೆ. ಎದುರಿಗೆ ನಿಂತಿದ್ದ ಮ್ಯಾನೇಜರಿಗೆ ಗುರುತುಗಳು ಕಾಗದದ ಹಿಂಬದಿಯಿಂದ, ಎಡಬಲ ಅದಲುಬದಲಾಗಿ ಕಾಣುತ್ತಿದ್ದವು. ಅವರು ಒಮ್ಮೆ ಕಾಗದ, ಒಮ್ಮೆ ಮೇಜು ನೋಡಿದರು.

"ಸ್ವಲ್ಪ ಈ ಕಡೆ ಬನ್ನಿ. ಸೀಟು ಬೋರಲಾಗಿದೆ ಅಷ್ಟೇ ಕಣ್ರೀ. ನಿಮ್ ಲೆಕ್ಕ ಸರಿಯಾಗೇ ಇದೆ."

ಅವರ ಪಕ್ಕಕ್ಕೆ ಹೋಗಿ, ಕಾಗದದ ಬೆನ್ನು ನಮ್ಮ ಕಡೆಗಿರುವಂತೆ ಹಿಡಿದು ನೋಡಿದೆ. ನಕ್ಷತ್ರಗಳ ಅಂಚೂ ಸೀಟಿನ ಅಂಚೂ ಹೆಚ್ಚುಕಡಿಮೆ ಒಂದೇ! ಹಿರಿಯರು ಸೀಟನ್ನು ಮಗುಚಿ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮುಂದಿನ ಕೆಲಸ ಸುಲಭವಾಯಿತು. ಕೈಗೆಟಕಲೆಂದು ಹಾಳೆಗಳನ್ನು ಅಚ್ಚಿನ ಒಂದು ಬದಿಗೆ ಇಡುವ ರೂಢಿಯಿತ್ತು. ನಡುವಿಗೆ ಸರಿಸಿದರೆ ಹರಿವುಗಳು ಕೂಡುವ ಗೆರೆ ಮೂಲೆ ಬಿಟ್ಟು ಮೇಲಿನ ದಪ್ಪ ಅಂಚಿಗೆ ಹೋಗುತ್ತದೆಂದು ಕಂಪ್ಯೂಟರ್ ತೋರಿಸಿತು. ಹಾಗೆಯೇ ಮಾಡಿದೆವು.

ಹೊಸ ಸೀಟನ್ನು ಅಂಗಳದಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಒಬ್ಬೊಬ್ಬರಾಗಿ ಕೂತು ಹಿಂದಕ್ಕೆ ಒರಗಿ ಜಗ್ಗಿದೆವು. ನಮ್ಮಲ್ಲೆಲ್ಲ ದಪ್ಪಗಿದ್ದ ಮ್ಯಾನೇಜರು ಕೂತಾಗ ಎಲ್ಲರೂ ಬಗ್ಗಿ ಆ ಮೂಲೆಯನ್ನೇ ನೋಡಿದರು. ಸೀಟು ಕಿರ್ರೆನ್ನಲಿಲ್ಲ, ಬಿರುಕೂ ಬಿಡಲಿಲ್ಲ. ಹಿರಿಯರು ಮಾತ್ರ ತಮ್ಮ ಸರದಿ ಬಂದಾಗ ಕೂತವರು ಎದ್ದೇಳಲು ಒಪ್ಪಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು, ಟೀ ಅಲ್ಲಿಗೇ ತರಿಸಿಕೊಂಡರು.